ಸಾವಿನ ಸುದ್ದಿ ಹೇಳುವ ಹೊತ್ತು

ಶುಮೆತ್‌ನನ್ನು ಕೊಲ್ಲುವುದನ್ನು ನಾನು ಬೆಳಗಿನ ಪಾಳಿಯಲ್ಲಿ ನೋಡಿದೆ. ಅವನ ಅಕ್ಕ ಬಿರ್ಕೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಬಿಸ್ಕತ್ತು ತಿನ್ನುತ್ತಿದ್ದಳು.

ನೋಡುವುದೇ ನಮ್ಮ ಕೆಲಸ. ಯಾರೋ ಎಲ್ಲೋ ವಿಡಿಯೊ ಹಾಕುತ್ತಾರೆ. ಇನ್ಯಾರೋ ಅದರ ಮೇಲೆ ದೂರು ಕೊಡುತ್ತಾರೆ. ಅದು ನೈರೋಬಿಯ ಈ ಕಟ್ಟಡಕ್ಕೆ ಬರುತ್ತದೆ. ಇಲ್ಲಿ ಭಾಷೆಗೊಂದು ಕೋಣೆ. ಅಮ್ಹಾರಿಕ್ ಮಾತಿರುವುದು ನಮ್ಮ ಕೋಣೆಗೆ. ನಾವು ಇಥಿಯೋಪಿಯದಿಂದ ಬಂದ ಏಳು ಜನ. ಕೊನೆಯವರೆಗೆ ನೋಡಬೇಕು. ಧ್ವನಿ ಇಟ್ಟುಕೊಂಡು ಕೇಳಬೇಕು. ಆಮೇಲೆ ಒಂದು ಗುಂಡಿ ಒತ್ತಬೇಕು: ಬಿಡು, ತೆಗೆ, ಬೇರೆ ಭಾಷೆ. ಒತ್ತಿದ ಕೂಡಲೇ ಮುಂದಿನದು ಬರುತ್ತದೆ. ಕಡಿಯುವುದು, ಸುಡುವುದು, ಮಕ್ಕಳಿಗೆ ಮಾಡುವುದು. ಜಗತ್ತು ನೋಡದೆ ಇರಲಿ ಎಂದು ನಾವು ನೋಡುತ್ತೇವೆ.

ಕಂಪನಿಯ ಹೆಸರನ್ನು ಎಲ್ಲೂ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇನೆ. ಹೇಳುವುದಿಲ್ಲ. ಉಳಿದದ್ದನ್ನು ಬರೆಯುತ್ತೇನೆ.

ನಮ್ಮ ಕೋಣೆಯ ಜೆಂಬೆರು ದಿನವಿಡೀ ಕೈ ತೊಳೆಯುತ್ತಾನೆ. ಬೆರಳ ಸಂದಿಗಳು ಬಿರಿದು ರಕ್ತ ಬರುತ್ತದೆ. ಬಿರ್ಕೆ ಮೊದಲು ನಮ್ಮ ಕಡೆ ಹಬ್ಬಕ್ಕೆ ತಿನ್ನುವ ಹಸಿಮಾಂಸ ಬಿಟ್ಟಳು, ಆಮೇಲೆ ಬೇಯಿಸಿದ್ದನ್ನೂ ಬಿಟ್ಟಳು, ಈಗ ಬಿಸ್ಕತ್ತಿನಲ್ಲಿ ಬದುಕಿದ್ದಾಳೆ. ಕೊನೆಯ ಕುರ್ಚಿಯವನು ತನ್ನ ಮಗಳಿಗೆ ಸ್ನಾನ ಮಾಡಿಸುವುದನ್ನು ನಿಲ್ಲಿಸಿದ. ಯಾಕೆಂದು ನಾವ್ಯಾರೂ ಕೇಳಲಿಲ್ಲ. ಅವನು ಏನೇನು ನೋಡಿದ್ದಾನೆಂದು ನಮಗೆ ಗೊತ್ತು.

ನನಗೆ ಏನೂ ಆಗುವುದಿಲ್ಲ. ಇಲ್ಲಿ ಅದೇ ನನ್ನ ಯೋಗ್ಯತೆ. ಗೊಂದರ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವಳು ನಾನು. ಆ ಪದವಿ ಕಂಪನಿಗೆ ಬೇಕಿರಲಿಲ್ಲ. ಗಂಡ ಸತ್ತ ಮೇಲೆ ನನ್ನೊಳಗೆ ಏನು ಮರಗಟ್ಟಿತೋ ಅದು ಬೇಕಿತ್ತು. ಹೊಸದಾಗಿ ಸೇರಿದವರು ಕಸದ ಬುಟ್ಟಿಗೆ ವಾಂತಿ ಮಾಡಿಕೊಂಡಾಗ ನಮ್ಮ ಟೀಮ್ ಲೀಡರ್ ಮುತಿಸ್ಯ ನನ್ನನ್ನು ತೋರಿಸುತ್ತಾನೆ. ಈಯಮ್ಮನ್ನ ನೋಡಿ ಕಲೀರಿ, ರೆಪ್ಪೆ ಕೂಡ ಬಡಿಯಲ್ಲ ಎನ್ನುತ್ತಾನೆ. ಹೊಗಳಿಕೆ ಎಂದುಕೊಂಡೇ ಹೇಳುತ್ತಾನೆ.

ಶುಮೆತ್‌ನನ್ನು ನಾನು ಬಲ್ಲೆ. ಬಿರ್ಕೆ ಮತ್ತು ನಾನು ಊರು ಬಿಟ್ಟು ಹೊರಟಾಗ ನಮ್ಮ ಪೆಟ್ಟಿಗೆಗಳನ್ನು ಹೊತ್ತು ಬಸ್ಸಿನ ಮೇಲೆ ಕಟ್ಟಿದವನು ಅವನು. ಹಗ್ಗ ಬಿಗಿದಿದೆಯೇ ಎಂದು ಮತ್ತೆ ಹತ್ತಿ ನೋಡಿದ್ದ. ಅವನ ಎಡಹುಬ್ಬನ್ನು ಕಡಿದುಕೊಂಡು ಹೋದ ಒಂದು ಗಾಯದ ಗೆರೆ. ಪರದೆಯ ಮೇಲೆ ಆ ಗೆರೆ ಕಂಡಿತು. ಆಮೇಲೆ ಕೊನೆಯವರೆಗೂ ನೋಡಿದೆ.

ಬಿರ್ಕೆಗೆ ಇರುವುದು ಅವನೊಬ್ಬನೇ. ಅವನ ಫೋಟೊವನ್ನು ನಮ್ಮ ಕೋಣೆಯ ಎಲ್ಲರಿಗೂ ತೋರಿಸಿದ್ದಳು. ಯುದ್ಧ ಶುರುವಾದ ಮೇಲೆ ಅವರ ಊರಿಗೆ ಫೋನ್ ಹೋಗುತ್ತಿರಲಿಲ್ಲ. ಅಲ್ಲಿಂದ ಯಾರೂ ಅವಳಿಗೆ ಹೇಳುವಂತಿರಲಿಲ್ಲ. ಮನೆಗೆ ಹೋದ ಮೇಲೆ ಫೋನಿನಲ್ಲಿ ವಿಡಿಯೊ ನೋಡುವ ಅಭ್ಯಾಸ ನಮ್ಮ ಕೆಲಸದವರು ಯಾರಿಗೂ ಇಲ್ಲ. ಹಾಗಾಗಿ ಅವಳಿಗೆ ಗೊತ್ತಾಗುವುದಾದರೆ ಒಂದೇ ದಾರಿಯಿತ್ತು. ಆ ಕುರ್ಚಿ, ಆ ಪರದೆ.

ನಮ್ಮಲ್ಲಿ ಸಾವಿನ ಸುದ್ದಿ ಹೇಳುವುದಕ್ಕೆ ಒಂದು ರೀತಿಯಿದೆ. ಮರ್ದೊ ಎನ್ನುತ್ತೇವೆ. ಫೋನಿನಲ್ಲಿ ಹೇಳುವುದಿಲ್ಲ. ದಾರಿಯಲ್ಲಿ ನಿಲ್ಲಿಸಿ ಹೇಳುವುದಿಲ್ಲ. ಒಬ್ಬರೇ ಹೋಗಿ ಹೇಳುವುದಿಲ್ಲ. ಹಿಂದಿನ ಸಂಜೆ ಅವರು ಉಂಡರೇ ಎಂದು ಯಾರಾದರೂ ನೋಡಿಕೊಳ್ಳುತ್ತಾರೆ. ಬೆಳಕು ಹರಿಯುವ ಮುಂಚೆ, ಬಿಳಿಯ ನೆತೆಲ ಹೊದ್ದುಕೊಂಡು, ಹತ್ತಾರು ಜನ ಒಟ್ಟಿಗೆ ಹೋಗಿ ಬಾಗಿಲು ತಟ್ಟುತ್ತಾರೆ. ಹಿರಿಯರೊಬ್ಬರು ಹೇಳುತ್ತಾರೆ. ಕುಸಿದರೆ ಹಿಡಿಯಲು ಕೈಗಳಿರುತ್ತವೆ. ಅಲ್ಲಿಯವರೆಗೆ, ಊರಿಗೆಲ್ಲ ಗೊತ್ತಿದ್ದರೂ, ಅವರೆದುರು ಎಲ್ಲರೂ ನಗುತ್ತ ಇರುತ್ತಾರೆ. ಅದನ್ನು ಮೋಸವೆಂದು ಯಾರೂ ಕರೆಯುವುದಿಲ್ಲ.

ನನಗೆ ಮರ್ದೊ ಆಗಲಿಲ್ಲ. ಗಂಡನ ಹೆಣದ ಫೋಟೊ ಫೋನಿಗೆ ಬಂತು, ಇವನೇನಾ ಎಂಬ ಪ್ರಶ್ನೆಯ ಜೊತೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಹೌದು ಎಂದು ಬರೆದೆ. ನನ್ನ ನಿಲ್ದಾಣ ಬಂತು. ಇಳಿದೆ.

ನಾನು ‘ತೆಗೆ’ ಒತ್ತಬೇಕಿತ್ತು. ಆದರೆ ಕೊಲೆಯನ್ನು ತೆಗೆದರೆ ಅದು ಅಲ್ಲಿಗೆ ಮುಗಿಯುವುದಿಲ್ಲ. ತೆಗೆದದ್ದು ಸರಿಯೇ ಎಂದು ನೋಡಲು ಅದೇ ಭಾಷೆಯ ಇನ್ನೊಬ್ಬರಿಗೆ ಹೋಗುತ್ತದೆ. ಯಾರಿಗೆ ಎಂಬುದನ್ನು ಯಂತ್ರ ತೀರ್ಮಾನಿಸುತ್ತದೆ. ಆ ಭಾಷೆಯವರು ನಾವು ಏಳು ಜನ, ಅವರಲ್ಲಿ ಬಿರ್ಕೆ ಒಬ್ಬಳು.

ನಾನು ‘ಬೇರೆ ಭಾಷೆ’ ಒತ್ತಿದೆ. ವಿಡಿಯೊ ಗೋಡೆಯಾಚೆಯ ಸೊಮಾಲಿ ಕೋಣೆಗೆ ಹೋಯಿತು. ನಿಯಮ ಗೊತ್ತಿದ್ದವರು ಯಾರೂ ಹೀಗೆ ಮಾಡುವುದಿಲ್ಲ. ನಮ್ಮವರು ಯಾರಿದ್ದರೂ ಇದನ್ನೇ ಮಾಡುತ್ತಿದ್ದರು.

ಸೊಮಾಲಿಗಳಿಗೆ ಅದರ ಮಾತು ಅರ್ಥವಾಗಲಿಲ್ಲ. ಅವರು ಮುಂದಿನ ಕೋಣೆಗೆ ತಳ್ಳಿದರು. ಆ ಕೋಣೆಯವರು ಇನ್ನೊಂದಕ್ಕೆ. ಹೀಗೆ ಅಲೆಯುತ್ತಿದ್ದಷ್ಟು ಹೊತ್ತು ಅದನ್ನು ಯಾರೂ ತೆಗೆದಿರಲಿಲ್ಲ. ಹೊರಗಿನ ಜಗತ್ತಿನಲ್ಲಿ ಅದು ಹಾಗೇ ಇತ್ತು. ಜನ ನೋಡಿದರು, ಹಂಚಿದರು, ಇಳಿಸಿಕೊಂಡು ಮತ್ತೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಶುಮೆತ್ ನಮ್ಮ ಕೋಣೆಗೆ ವಾಪಸು ಬರತೊಡಗಿದ. ಅಂಚು ಕತ್ತರಿಸಿದ್ದು. ಎಡಬಲ ತಿರುಗಿಸಿದ್ದು. ಹಾಡು ಹಾಕಿದ್ದು. ಪ್ರತಿಯೊಂದನ್ನೂ ಯಂತ್ರ ಹೊಸದೆಂದು ಎಣಿಸಿ ನಮಗೆ ಹಂಚುತ್ತಿತ್ತು.

ಮೊದಲು ಬಿದ್ದದ್ದು ಜೆಂಬೆರುವಿಗೆ. ಅವನೂ ಬಿರ್ಕೆಯ ಊರಿನವನು. ಅವನ ಕೈ ಮೌಸಿನ ಮೇಲೆ ನಿಂತುಹೋಯಿತು. ಬಿರ್ಕೆಯ ತಲೆಯ ಮೇಲಿಂದ ನನ್ನನ್ನು ನೋಡಿದ. ನಾನು ಕಣ್ಣು ಕೆಳಗೆ ಮಾಡಿದೆ. ಅಷ್ಟು ಸಾಕಾಯಿತು. ಅವನು ಹೆಡ್‌ಫೋನ್ ಕಳಚಿ ಬಿರ್ಕೆಯ ಕಡೆ ತಿರುಗಿದ.

“ಏನೇ ಬಿರ್ಕೆ, ಈ ಬಿಸ್ಕತ್ ಕಂಪ್ನಿಯೋರು ನಿಂಗೇನಾದ್ರೂ ಸಂಬಳ ಕೊಡ್ತಾರಾ?”

“ಹೂಂ ಕಣೋ. ನಿಂಗೆ ಸೋಪಿನ ಕಂಪ್ನಿಯೋರು ಕೊಡೋದಕ್ಕಿಂತ ಜಾಸ್ತೀನೇ ಕೊಡ್ತಾರೆ.”

ಅವನು ಜೋರಾಗಿ ನಕ್ಕ. ಸ್ವಲ್ಪ ಹೊತ್ತಿಗೆ ಎದುರು ಸಾಲಿನವಳು ನೋಡಿದಳು. ಅವಳೂ ಏನೋ ಹೇಳಿ ಬಿರ್ಕೆಯನ್ನು ನಗಿಸಿದಳು. ಆಮೇಲೆ ಇನ್ನೊಬ್ಬ. ನೋಡಿದವರೆಲ್ಲ ಒಬ್ಬೊಬ್ಬರಾಗಿ ಉಲ್ಲಾಸದಿಂದ ಮಾತಾಡತೊಡಗಿದರು. ಎಂದೂ ನಗು ಕೇಳದ ಕೋಣೆ ಅದು. ಅವತ್ತು ಮದುವೆಮನೆಯಂತೆ ಗದ್ದಲ. ಗದ್ದಲ ಹೆಚ್ಚಿದಷ್ಟೂ ನನಗೆ ಗೊತ್ತಾಗುತ್ತಿತ್ತು, ಇನ್ನು ನೋಡದೆ ಉಳಿದವರು ಎಷ್ಟು ಜನ ಎಂದು. ಕೊನೆಗೆ ಉಳಿದವಳು ಬಿರ್ಕೆ.

“ಇವರಿಗೆಲ್ಲ ಏನ್ ಬಂದಿದೆ ಇವತ್ತು? ಸಂಬಳ ಗಿಂಬಳ ಜಾಸ್ತಿ ಮಾಡಿದ್ರಾ?” ಎಂದು ನನ್ನನ್ನು ಕೇಳಿದಳು. ನಗುತ್ತಿದ್ದಳು. ಕಣ್ಣು ಮಾತ್ರ ನನ್ನ ಮುಖದ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು.

ನಾನು ಎದ್ದು ಮುತಿಸ್ಯನ ಗಾಜಿನ ಕೋಣೆಗೆ ಹೋದೆ.

ಅವನಿಗೆ ಆಗಲೇ ಮೇಲಿನವರಿಂದ ಬಯ್ಗುಳ ಬಿದ್ದಿತ್ತು. ಬೆಳಗ್ಗೆ ನೀನು ಒತ್ತಿದ್ದು ತಪ್ಪು, ಅದರಿಂದ ಹೀಗಾಗಿದೆ, ನೀನು ಇಂಥ ತಪ್ಪು ಮಾಡುವವಳಲ್ಲ ಎಂದ. ಮಾಡಿದ್ದು ಗೊತ್ತಿದ್ದೇ ಎಂದೆ. ಆಮೇಲೆ ಸತ್ತವನು ಯಾರೆಂದು ಹೇಳಿದೆ. ಅವನು ಹೊರಗೆ ನೋಡಿದ. ಗಾಜಿನಾಚೆ ಬಿರ್ಕೆಯ ಬೆನ್ನು ಕಾಣುತ್ತಿತ್ತು. ಕೆಟ್ಟವನಲ್ಲ ಅವನು. ತಲೆ ತಗ್ಗಿಸಿ ಕಂಪ್ಯೂಟರಿನಲ್ಲಿ ಏನೋ ಹುಡುಕಿದ.

“ಇದಕ್ಕೆ ನಿಯಮ ಇದೆ,” ಎಂದ. “ಸಂಬಂಧಿಕರು ಕಂಡ್ರೆ ಕುರ್ಚಿ ಬಿಟ್ಟು ಏಳಬಹುದು. ಆದ್ರೆ ಅವಳೇ ಬಂದು ಕೇಳ್ಬೇಕು.”

“ಅವಳಿಗೆ ಗೊತ್ತಿಲ್ಲ.”

“ಹಾಗಾದ್ರೆ ಕರೀತೀನಿ. ನೆಕೇಸಾ ರೂಮಲ್ಲಿ ಕೂರಿಸಿ ತೋರಿಸೋಣ.”

“ತೋರಿಸೋದಾ?”

“ಅವನೇ ಹೌದೋ ಅಲ್ಲವೋ ಅವಳು ಹೇಳ್ಬೇಕಲ್ಲ. ನೆಕೇಸಾ ಪಕ್ಕದಲ್ಲೇ ಇರ್ತಾಳೆ.”

ನೆಕೇಸಾ ನಮ್ಮ ಮನಸ್ಸು ನೋಡಿಕೊಳ್ಳಲು ಕಂಪನಿ ಇಟ್ಟಿರುವ ಹೆಂಗಸು. ಅವಳ ಕೋಣೆಯಲ್ಲಿ ಮೆತ್ತನೆಯ ಕುರ್ಚಿ, ಬಣ್ಣ ತುಂಬುವ ಪುಸ್ತಕ, ಬಣ್ಣದ ಪೆನ್ಸಿಲ್ಲುಗಳಿವೆ. ಅಲ್ಲಿ ಕೂತಷ್ಟು ಹೊತ್ತನ್ನು ಊಟದ ಬಿಡುವಿನಲ್ಲಿ ಮುರಿದುಕೊಳ್ಳುತ್ತಾರೆ.

ನಾಳೆ ಬೆಳಗಿನವರೆಗೆ ಬಿರ್ಕೆಯನ್ನು ಮನೆಗೆ ಕಳಿಸು, ಏನಾದರೂ ನೆಪ ಹೇಳು, ಇನ್ನೇನೂ ಬೇಡ ಎಂದು ಕೇಳಿದೆ. ಇವತ್ತು ಈ ಪಾಟಿ ಬರುತ್ತಿರುವಾಗ ಒಬ್ಬಳನ್ನು ಕಡಿಮೆ ಮಾಡಲೇ ಎಂದ. ಬೇರೆ ದೇಶದಲ್ಲಿ ಕೂತ ಯಾರೋ ಅವನ ಕೋಣೆಯ ಲೆಕ್ಕವನ್ನು ಗಳಿಗೆಗೊಮ್ಮೆ ನೋಡುತ್ತಾರೆ. ಅವನಿಗೂ ಮಕ್ಕಳಿವೆ. ಅದನ್ನೂ ಹೇಳಿದ. ಆಮೇಲೆ ಧ್ವನಿ ತಗ್ಗಿಸಿ, ಉಪಕಾರ ಮಾಡುವವನಂತೆ ಹೇಳಿದ:

“ನೋಡು ಯೆಶಾರೆಗ್, ನಿಂಗೆ ಇದೆಲ್ಲ ಏನೂ ಆಗಲ್ಲ. ಹೋಗು, ಕೂತ್ಕೋ. ತೆಗೆದದ್ದನ್ನ ಇನ್ನೊಬ್ಬರಿಗೆ ತೋರಿಸೋದನ್ನ ಇವತ್ತಿಗೆ ನಿಲ್ಲಿಸಿದೀವಿ. ನೀನೇ ಬೇಗಬೇಗ ಹೊಡೆದುಹಾಕ್ಬಿಡು. ನೀನು ಹೊಡೆದಷ್ಟೂ ಅವಳ ಕಡೆ ಹೋಗೋದು ಕಡಿಮೆ ಆಗುತ್ತೆ.”

ಹೋಗಿ ಕೂತೆ. ಒಬ್ಬಳ ಕೈಯಲ್ಲಿ ಎಷ್ಟಾಗುತ್ತದೋ ಅಷ್ಟು ಮಾಡಿದೆ. ಶುಮೆತ್ ಬಂದ, ಕೊನೆಯವರೆಗೆ ನೋಡಿದೆ, ತೆಗೆದೆ. ಮತ್ತೆ ಬಂದ. ತಿರುಗಿಸಿದ ವಿಡಿಯೊದಲ್ಲಿ ಗಾಯದ ಗೆರೆ ಬಲಹುಬ್ಬಿಗೆ ಬಂದಿತ್ತು. ಒಂದರಲ್ಲಿ ನಗುವ ಮುಖಗಳನ್ನು ಅಂಟಿಸಿದ್ದರು. ಮಣಿಕಟ್ಟಿನಿಂದ ಮೊಣಕೈವರೆಗೆ ನರ ಎಳೆಯತೊಡಗಿತು. ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡು ಒತ್ತಿದೆ. ಅವನ ಉಸಿರಿನ ಶಬ್ದ ನನಗೆ ಬಾಯಿಪಾಠವಾಯಿತು. ನನಗೆ ಏನೂ ಆಗಲಿಲ್ಲ. ಹಲ್ಲು ಮಾತ್ರ ಕಟಕಟ ಎನ್ನುತ್ತಿತ್ತು, ಚಳಿಯಿರಲಿಲ್ಲ.

ಆಗ ಬಿರ್ಕೆಯ ಪರದೆ ಓರೆಗಣ್ಣಿಗೆ ಬಿತ್ತು. ಒಂದು ಮುಗಿದು ಮುಂದಿನದು ತೆರೆದುಕೊಳ್ಳುತ್ತಿತ್ತು. ಮಣ್ಣಿನ ಗೋಡೆ. ಗೋಡೆಗೊರಗಿಸಿದ ಏಣಿ. ನನಗೆ ಗೊತ್ತಿತ್ತು, ಏಣಿಯ ಹಿಂದೆಯೇ ಅವನು ಬರುತ್ತಾನೆ.

ಮೇಜಿನ ಕೆಳಗೆ ಇಡೀ ಸಾಲಿನ ಸ್ವಿಚ್ಚಿನ ಪಟ್ಟಿಯಿತ್ತು. ಒದ್ದೆ. ಒಂದೇ ಏಟಿಗೆ ಸಾಲಿನ ಪರದೆಗಳೆಲ್ಲ ಕಪ್ಪಾದವು.

“ಏನೇ ಮಾಡ್ದೆ?” ಬಿರ್ಕೆ ನನ್ನ ಭುಜ ಹಿಡಿದು ತಿರುಗಿಸಿದಳು. “ನನ್ ಸ್ಕೋರ್ ಹೋಯ್ತಲ್ಲೇ. ಈ ತಿಂಗ್ಳು ಹೋದ್ರೆ ನನ್ನ ಇಟ್ಕೊಳ್ಳಲ್ಲ ಅಂತ ಗೊತ್ತಿಲ್ವಾ ನಿಂಗೆ?”

ಮುತಿಸ್ಯ ಓಡಿ ಬಂದ. ಯಾರು ಎಂದು ಕೇಳಿದ. ನಾನು ಎಂದೆ. ಅವನು ಬಿರ್ಕೆಯ ಮುಖ ನೋಡಿದ, ನನ್ನ ಮುಖ ನೋಡಿದ. ಅವನಿಗೆ ಅರ್ಥವಾಗಿತ್ತು.

“ಕಾಲು ತಾಗಿ ಆಫ್ ಆಯ್ತು ಅಂತ ಹೇಳು. ಹಾಗೇ ಬರ್ಕೋತೀನಿ. ಆನ್ ಮಾಡು.”

“ಕಾಲು ತಾಗ್ಲಿಲ್ಲ. ಒದ್ದೆ.”

“ಆನ್ ಮಾಡು ಯೆಶಾರೆಗ್.”

“ಮಾಡಲ್ಲ.”

ಅವನೇ ಬಗ್ಗಿ ಕೈ ಚಾಚಿದ. ಜೆಂಬೆರು ಪಟ್ಟಿಯ ಮೇಲೆ ಕಾಲಿಟ್ಟು ನಿಂತ. ಎದುರು ಸಾಲಿನವಳು ತನ್ನ ಸಾಲಿನ ಸ್ವಿಚ್ಚನ್ನೂ ಆರಿಸಿದಳು. ಕೊನೆಯ ಕುರ್ಚಿಯವನು ಹೆಡ್‌ಫೋನಿನ ವೈರನ್ನು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟು ಎದ್ದ. ಬಿರ್ಕೆಯನ್ನು ಬಿಟ್ಟು ಎಲ್ಲರೂ ಎದ್ದಿದ್ದರು. ಅವಳು ಕೂತಲ್ಲಿಂದಲೇ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ನಿಮಗೆಲ್ಲ ಹುಚ್ಚು ಹಿಡಿದಿದೆಯೇ ಎಂದು ಕೇಳಿದಳು. ಹೌದು ಎಂದು ಜೆಂಬೆರು ನಕ್ಕ. ಅವನ ತುಟಿ ಅದುರುತ್ತಿತ್ತು.

ಸೆಕ್ಯುರಿಟಿಯವರು ಬಂದು ಎಲ್ಲರ ಕೊರಳಿನ ಕಾರ್ಡು ಕಿತ್ತುಕೊಂಡರು. ಏಳು ಜನರನ್ನೂ ಮೆಟ್ಟಿಲಿಳಿಸಿ ಗೇಟಿನ ಹೊರಗೆ ಬಿಟ್ಟರು. ಕಾರ್ಡು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಯಿತು. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಗೇಟಿನ ಹೊರಗೆ ಆರು ಜನ ನಗುತ್ತ ನಿಂತಿದ್ದರು. ಬಿರ್ಕೆ ಒಬ್ಬಳೇ ಅಳುತ್ತಿದ್ದಳು, ಕೆಲಸಕ್ಕಾಗಿ.

ಬಿರ್ಕೆ ಮತ್ತು ನಾನು ಈಸ್ಟ್‌ಲೀ ಬಡಾವಣೆಯಲ್ಲಿ ಒಂದೇ ಕೋಣೆಯಲ್ಲಿದ್ದೇವೆ. ಮನೆಗೆ ಬರುವ ಮಟಾಟು ವ್ಯಾನಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ನಮ್ಮ ಕಟ್ಟಡದ ಕೆಳಗೆ ಊಟದ ಅಂಗಡಿ ಇಟ್ಟಿರುವ ವೊರ್ಕು ನಮ್ಮ ಕಡೆಯ ಹಿರಿಯರು. ಗಾಶೆ ಎಂದು ಕರೆಯುತ್ತೇವೆ. ಬಿರ್ಕೆ ಮೇಲೆ ಹೋದ ಮೇಲೆ ಅಡುಗೆಮನೆಯಲ್ಲಿ ಅವರಿಗೆ ಹೇಳಿದೆ. ಹೇಗೆ ಗೊತ್ತಾಯಿತೆಂದು ಅವರು ಕೇಳಲಿಲ್ಲ. ಇಲ್ಲಿ ಅವಳಿಗೆ ಇನ್ಯಾರಿದ್ದಾರೆ ಎಂದರು. ಯಾರೂ ಇಲ್ಲ ಎಂದೆ.

“ಉಂಡಿದಾಳಾ?”

“ಇಲ್ಲ ಗಾಶೆ. ಬೆಳಿಗ್ಗೆಯಿಂದ ಬರೀ ಬಿಸ್ಕತ್ತು.”

“ಮೊದಲು ಉಣ್ಣಿಸಮ್ಮ. ಉಳಿದಿದ್ದು ನಾನು ನೋಡ್ಕೋತೀನಿ.”

ತಟ್ಟೆಯ ಮೇಲೆ ಇಂಜೆರ ರೊಟ್ಟಿ ಹಾಸಿ ಬಿಸಿ ಶಿರೊ ಸಾರು ಸುರಿದು ಕೊಟ್ಟರು. ನಾನು ಅದನ್ನು ಹಿಡಿದು ಮೂರನೆಯ ಮಹಡಿಗೆ ಹತ್ತಿದೆ. ಬಿರ್ಕೆ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

“ಕೆಲಸ ಕಳೆದು ಊಟ ತಂದಿದಾಳೆ ಮಹರಾಯ್ತಿ,” ಎಂದಳು. “ನಿಂಗೇನು? ಗಂಡ ಸತ್ತಾಗ್ಲೂ ನಿಂಗೇನೂ ಆಗ್ಲಿಲ್ಲ. ಯಾರೂ ಇಲ್ಲ ನಿಂಗೆ. ನಂಗೆ ತಮ್ಮ ಇದಾನೆ. ಲೈನು ಬಂದ ದಿನ ಫೋನ್ ಮಾಡಿ, ಅಕ್ಕ ಏನು ಉಳಿಸಿದೀಯಾ ಅಂತ ಕೇಳಿದ್ರೆ ಏನು ಹೇಳ್ಲಿ ಅವನಿಗೆ?”

ಇಂಜೆರ ಹರಿದು, ಶಿರೊದಲ್ಲಿ ಅದ್ದಿ, ಮಡಚಿ, ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದೆ. ಕೈಯಾರೆ ಕೊಟ್ಟ ತುತ್ತನ್ನು ನಮ್ಮಲ್ಲಿ ಯಾರೂ ಬೇಡವೆನ್ನುವುದಿಲ್ಲ. ಶತ್ರು ಕೊಟ್ಟರೂ ಬಾಯಿ ತೆರೆಯಬೇಕು. ನನ್ನ ಕೈ ಗಾಳಿಯಲ್ಲಿ ಹಾಗೇ ಇತ್ತು. ತೋಳು ಬೆಳಗಿನಿಂದ ಸೋತಿತ್ತು, ನಡುಗಿತು. ಅವಳು ನಡುಕವನ್ನು ನೋಡಿದಳು. ಬಾಯಿ ತೆರೆದಳು. ಅಗಿಯುತ್ತಲೇ ಬಯ್ದಳು. ಇನ್ನೊಂದು ತುತ್ತು ಕೊಟ್ಟೆ. ಬಯ್ಯುತ್ತಲೇ ತಟ್ಟೆ ಖಾಲಿ ಮಾಡಿದಳು. ಬೇಯಿಸಿದ್ದನ್ನು ಅವಳು ಹೊಟ್ಟೆ ತುಂಬ ಉಂಡದ್ದನ್ನು ನಾನು ಎಷ್ಟೋ ದಿನದ ಮೇಲೆ ನೋಡಿದೆ.

ಇನ್ನೂ ಕತ್ತಲಿರುವಾಗ ಎದ್ದೆ. ಬಿರ್ಕೆ ನಿದ್ದೆಯಲ್ಲಿದ್ದಳು. ಪೆಟ್ಟಿಗೆಯ ತಳದಿಂದ ನೆತೆಲ ತೆಗೆದು ಹೊದ್ದು ಕೆಳಗಿಳಿದೆ. ಅಂಗಡಿಯ ಮುಂದೆ ಜನ ಸೇರಿದ್ದರು. ನಮ್ಮ ಕೋಣೆಯ ಐವರು, ಗಾಶೆ ವೊರ್ಕು, ಅವರ ಹೆಂಡತಿ, ಚರ್ಚಿನ ಹೆಂಗಸರು. ಬಿಳಿ ಬಟ್ಟೆಗಳು ಒಂದರ ಹಿಂದೊಂದು ಮೆಟ್ಟಿಲು ಹತ್ತಿದವು. ಮೂರನೆಯ ಮಹಡಿಯಲ್ಲಿ ನಾನು ನನ್ನದೇ ಬಾಗಿಲನ್ನು ತಟ್ಟಿದೆ.

ಬ್ರೆಡ್ ತರೋಕೆ ಹೋದವಳು ಕೀ ತಗೊಂಡು ಹೋಗೋಕಾಗಲ್ವಾ ಎನ್ನುತ್ತ ಬಿರ್ಕೆ ಬಾಗಿಲು ತೆರೆದಳು. ನನ್ನನ್ನು ನೋಡಿದಳು. ನನ್ನ ಹಿಂದೆ ನೋಡಿದಳು. ಮೆಟ್ಟಿಲುದ್ದಕ್ಕೂ ಬಿಳಿ.

“ಶುಮೆತ್,” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

“ಹೌದು ಮಗಳೇ,” ಎಂದರು ಗಾಶೆ ವೊರ್ಕು. “ಶುಮೆತ್ ನಮ್ಮನ್ನ ಬಿಟ್ಟು ಹೋದ.”

ಅವಳು ಕುಸಿದಳು. ನೆಲ ಮುಟ್ಟುವ ಮೊದಲು ಎಂಟು ಕೈಗಳು ಹಿಡಿದವು.

ಬಿಸಿಲೇರುವ ಹೊತ್ತಿಗೆ ಕೋಣೆ, ಓಣಿ, ಮೆಟ್ಟಿಲು ಎಲ್ಲ ಜನ. ಬೆಂಚುಗಳು ಬಂದವು. ಕಾಫಿ ಬಂತು. ಬಿರ್ಕೆ ಎದೆ ಬಡಿದುಕೊಂಡು ತಮ್ಮನ ಹೆಸರು ಹಿಡಿದು ಕರೆದು ಕರೆದು ಗಂಟಲು ಕಟ್ಟಿಸಿಕೊಂಡಿದ್ದಳು. ಹೆಂಗಸರು ಅವಳ ಎರಡೂ ತೋಳು ಹಿಡಿದು ಕೂತಿದ್ದರು.

ಆಗ ನೆಕೇಸಾ ಬಂದಳು. ಕಂಪನಿಯ ಕಡೆಯಿಂದ ಎಂದು ನೀರಿನ ಬಾಟಲಿಗಳ ಒಂದು ಪೆಟ್ಟಿಗೆ ತಂದಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಪಕ್ಕ ಬೆಂಚಿನಲ್ಲಿ ಕೂತಳು. ಕಂಪನಿಗೆ ತುಂಬ ದುಃಖವಾಗಿದೆ ಎಂದಳು. ನಿನ್ನೆ ನಡೆದದ್ದನ್ನು ಮರೆಯಲು ಅವರು ತಯಾರಿದ್ದಾರೆ, ಏಳು ಜನರೂ ಸೋಮವಾರ ವಾಪಸು ಬರಬಹುದು, ಪರ್ಮಿಟ್ಟಿಗೆ ತೊಂದರೆಯಿಲ್ಲ ಎಂದಳು. ಚೀಲದಿಂದ ಮಡಚಿದ ಕಾಗದ ತೆಗೆದಳು. ಪರದೆಯ ಮೇಲೆ ಕಂಡದ್ದನ್ನು ಯಾರಿಗೂ, ಎಲ್ಲಿಯೂ ಹೇಳುವುದಿಲ್ಲ ಎಂದು ಮತ್ತೊಮ್ಮೆ ಸಹಿ ಹಾಕಿಕೊಟ್ಟರೆ ಸಾಕಂತೆ. ಕೇಳುವವರಿಗೂ ಅದರಿಂದ ಗಾಯವಾಗುತ್ತದೆ ಎಂದು ಮೆಲ್ಲಗೆ ಹೇಳಿದಳು. ಪೆನ್ನನ್ನು ನನ್ನ ತೊಡೆಯ ಮೇಲಿಟ್ಟಳು.

ಕೋಣೆಯ ಆ ಬದಿಯಿಂದ ಬಿರ್ಕೆ ನನ್ನನ್ನು ಕರೆದಳು. ಧ್ವನಿಯೇ ಇರಲಿಲ್ಲ, ಗಾಳಿ ಮಾತ್ರ.

“ಯೆಶಿ. ನೀನು ನೋಡಿದ್ಯಾ?”

ಅಳು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ನೆಕೇಸಾ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟಳು, ನೋಯುವ ಕೈಯ ಮೇಲೆಯೇ.

“ನೋಡಿದೆ.”

“ಪೂರ್ತಿ?”

“ಪೂರ್ತಿ.”

“ಏನಾದ್ರೂ ಅಂದ್ನಾ?”

“ಬೇಡ ಯೆಶಾರೆಗ್,” ಎಂದಳು ನೆಕೇಸಾ. “ಆಮೇಲೆ ನನ್ನಿಂದ ಏನೂ ಮಾಡೋಕಾಗಲ್ಲ.”

ಅವಳ ಕೈಯನ್ನು ತೆಗೆದು ಅವಳ ಮಡಿಲಲ್ಲೇ ಇಟ್ಟೆ. ಎದ್ದೆ. ಪೆನ್ನು ನೆಲಕ್ಕೆ ಬಿತ್ತು. ಜನ ಜರುಗಿ ದಾರಿ ಮಾಡಿಕೊಟ್ಟರು. ಬಿರ್ಕೆಯ ಎದುರು ನೆಲದ ಮೇಲೆ ಕೂತೆ.

“ಒಂದು ಕಾಲಿನ ಚಪ್ಪಲಿ ಕಳಚಿಹೋಗಿತ್ತು,” ಎಂದೆ. “ಹಾಕ್ಕೋತೀನಿ ಇರಿ ಅಂದ. ಅವರು ನಕ್ಕರು. ಅವನು ಬಗ್ಗಿ ಹಾಕ್ಕೊಂಡ.”

ಬಿರ್ಕೆಯ ಬಾಯಿಂದ ಒಂದು ಶಬ್ದ ಬಂತು. ಹೆಂಗಸರು ಅವಳನ್ನು ಬಿಗಿಯಾಗಿ ಹಿಡಿದರು. ನಾನು ನಿಲ್ಲಿಸಿದೆ.

“ಮುಂದೆ ಹೇಳು,” ಎಂದಳು.

ನೆಕೇಸಾ ಬಾಗಿಲ ಬಳಿ ನಿಂತು ಫೋನಿನಲ್ಲಿ ಯಾರಿಗೋ ನನ್ನ ಹೆಸರನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಜೆಂಬೆರು ಹೋಗಿ ಅವಳಿಗೂ ನನಗೂ ನಡುವೆ ಬೆನ್ನು ಮಾಡಿ ನಿಂತ.